56 ಎಪಿಒ ಕಾಗದಗಳ ಕಂತೆ ಹಿಡಿದು: ಶ್ರೀನಗರದಿಂದ ಲೇಹ್‌ಗೆ ಏಳು ದಿನ

ಹೊರಡುವ ಮೊದಲು

ಕಾರ್ಗಿಲ್ ಯುದ್ಧದ ಕಾಲಕ್ಕೆ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಸಿಪಾಯಿಗೆ ಈಗ ಐವತ್ತು ದಾಟಿದೆ. ಆಗಲೇ ಹವಾಲ್ದಾರ್, ಸುಬೇದಾರ್ ಆಗಿದ್ದವರು ಅರವತ್ತೈದು ಎಪ್ಪತ್ತರಲ್ಲಿದ್ದಾರೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯ ಟ್ರಂಕು ಖಾಲಿ ಮಾಡುವಾಗ, 1999ರಲ್ಲಿ 56 ಎಪಿಒ ಎಂಬ ಸೈನ್ಯದ ಅಂಚೆ ವಿಳಾಸದಿಂದ ತಾವೇ ಬರೆದ ಕಾಗದಗಳು ಅವರ ಕೈಗೆ ವಾಪಸ್ ಬರುತ್ತವೆ. ಓದಿದರೆ ಮೊದಲು ನಿರಾಶೆ. ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರ, ಈ ಕಡೆ ನಾನು ಕ್ಷೇಮ ಎಂದು ಶುರುವಾಗಿ, ಮಳೆ ಬೆಳೆ ವಿಚಾರಿಸಿ, ಚಿಂತೆ ಮಾಡಬೇಡಿ ಎಂದು ಮುಗಿಯುತ್ತದೆ. ಯುದ್ಧ ಎಲ್ಲೂ ಇಲ್ಲ. ಇರಬಾರದೆಂದೇ ಹಾಗೆ ಬರೆದದ್ದು. ಜಾಗದ ಹೆಸರು ಬರೆಯುವಂತಿರಲಿಲ್ಲ. ಓದು ಬಾರದ ಮನೆಗಳಲ್ಲಿ ಅಂಚೆಯವರೋ ಮೇಷ್ಟ್ರೋ ಕಾಗದ ಓದಿ ಹೇಳುವಾಗ ಇಡೀ ಓಣಿ ಕೇಳಿಸಿಕೊಳ್ಳುತ್ತದೆ ಎಂಬುದೂ ಬರೆದವನಿಗೆ ಗೊತ್ತಿತ್ತು. ಕಾಗದದಲ್ಲಿ ಬಿಟ್ಟುಹೋದದ್ದನ್ನು ಹಾಗಾಗಿ ದಾರಿಯಲ್ಲೇ ಹುಡುಕಬೇಕು. ತಾರೀಖು ಹಿಡಿದುಕೊಂಡು ಆ ಜಾಗಕ್ಕೆ ಹೋದರೆ ಇವು ಬಾಯಿ ಬಿಡುತ್ತವೆ.

ಅಸಲು ಕಾಗದ ಪ್ರಯಾಣಕ್ಕೆ ಬೇಡ. ಮೊದಲು ಮನೆಯಲ್ಲೇ ಕೂತು ನಕಲು ಮಾಡಬೇಕು. ಹಳ್ಳಿ ಮನೆಗಳಲ್ಲಿ ಕಾಗದಗಳನ್ನು ತೂಗುಹಾಕಿದ ತಂತಿಯ ಕೊಕ್ಕೆಗೆ ಚುಚ್ಚಿಡುವ ರೂಢಿಯಿತ್ತು. ನಿಮ್ಮ ಕಂತೆ ಇನ್ನೂ ತಂತಿಯಲ್ಲೇ ಇದ್ದರೆ ಅದು ಅದೃಷ್ಟ: ಎಲ್ಲಕ್ಕಿಂತ ಕೆಳಗಿನದು ಮೊದಲು ಬಂದದ್ದು, ಮೇಲಿನದು ಕೊನೆಗೆ ಬಂದದ್ದು. ಬಿಚ್ಚುವ ಮುನ್ನ ಪಕ್ಕದಿಂದ ಒಂದು ಫೋಟೊ ತೆಗೆದು, ಪೆನ್ಸಿಲ್‌ನಲ್ಲಿ ಮೂಲೆಗೆ ಕ್ರಮಸಂಖ್ಯೆ ಹಾಕಿ. ತಾರೀಖು ಇಲ್ಲದ ಕಾಗದಕ್ಕೆ ಮುಂದೆ ಈ ಸಂಖ್ಯೆಯೇ ಆಧಾರ.

ಇನ್‌ಲ್ಯಾಂಡ್ ಪತ್ರ ಹಾಳಾಗುವುದು ಮಡಿಕೆಯಲ್ಲಿ. ಹರಿದ ಮಡಿಕೆಗೆ ಸೆಲ್ಲೋಟೇಪ್ ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಎದ್ದು ಬರುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಮಾಡಿದ ಮೇಲೆ ಬಿಡಿಸಲು ಬರುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಹತ್ತಿರ ತರಲೇಬಾರದು. ಮಡಿಕೆ ಬಿಡಿಸಿ, ಎರಡು ಒತ್ತುಕಾಗದಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ನಾಲ್ಕೈದು ದಿನ ಬಿಟ್ಟರೆ ತಾನೇ ಚಪ್ಪಟೆಯಾಗುತ್ತದೆ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನುಗಳನ್ನು ಎಳೆಯಬೇಡಿ. ಹಿಂಬದಿಯ ಕಾಲುಗಳನ್ನು ಚಪ್ಪಟೆ ಚಾಕುವಿನ ತುದಿಯಿಂದ ಎತ್ತಿ ನೇರ ಮಾಡಿ ತೆಗೆಯಿರಿ.

ಸ್ಕ್ಯಾನ್ ಮಾಡಲು ಗಾಜಿನ ಹಲಗೆಯ ಯಂತ್ರವೇ ಆಗಬೇಕು. ಹಾಳೆಯನ್ನು ಒಳಗೆ ಎಳೆದುಕೊಳ್ಳುವ ಯಂತ್ರದಲ್ಲಿ ಮಡಿಕೆ ಸಿಕ್ಕಿ ಹರಿಯುತ್ತದೆ. 600 ಡಿಪಿಐ, ಬಣ್ಣದಲ್ಲಿ, ಎರಡೂ ಬದಿ. ವಿಳಾಸದ ಬದಿಯನ್ನು ಬಿಡುವವರೇ ಹೆಚ್ಚು, ಆದರೆ ನಮಗೆ ಬೇಕಾದ ಅರ್ಧ ಮಾಹಿತಿ ಇರುವುದೇ ಅಲ್ಲಿ. ನೀಲಿ ಬಾಲ್‌ಪೆನ್ ಮಾಸಿದ್ದರೆ ಚಿತ್ರ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ಕೆಂಪು ಚಾನಲ್ ಒಂದನ್ನೇ ಕಪ್ಪುಬಿಳುಪಾಗಿ ನೋಡಿ. ನೀಲಿ ಶಾಯಿ ಕೆಂಪು ಬೆಳಕನ್ನು ಹೀರುವುದರಿಂದ ಅಕ್ಷರ ಕಡುವಾಗಿ ಏಳುತ್ತದೆ. ಆಮೇಲೆ ಎ5 ಅಳತೆಯಲ್ಲಿ ಮುದ್ರಿಸಿ, ಕ್ಲಿಪ್ ಇರುವ ರಟ್ಟಿಗೆ ಹಾಕಿಕೊಳ್ಳಿ. ಎ4 ಹಾಳೆ ದ್ರಾಸ್ ಗಾಳಿಗೆ ನಿಲ್ಲುವುದಿಲ್ಲ.

ಕಾಲ ಜೂನ್ ಅಥವಾ ಸೆಪ್ಟೆಂಬರ್. ಜುಲೈ 26ರ ವಿಜಯ ದಿವಸಕ್ಕೇ ಹೋಗಬೇಕೆಂದು ಅನೇಕರಿಗೆ ಆಸೆ. ಸಮಾರಂಭಕ್ಕಾದರೆ ಸರಿ, ಕಾಗದ ಓದಲಿಕ್ಕಲ್ಲ. ಕೋಣೆ ಸಿಗುವುದಿಲ್ಲ, ಬಂದೋಬಸ್ತಿನಲ್ಲಿ ದಿನ ಹೋಗುತ್ತದೆ. ಜುಲೈಯಿಂದ ಬಾಲ್ಟಾಲ್ ಕಡೆಯ ಅಮರನಾಥ ಯಾತ್ರೆಯ ವಾಹನಗಳೂ ಇದೇ ರಸ್ತೆಗೆ ಸೇರುತ್ತವೆ.

ದಿನ 1: ಶ್ರೀನಗರ, 1,585 ಮೀಟರ್

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಇಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಜೊತೆಗೆ ಹೋಗುವವರಲ್ಲಿ ಒಬ್ಬರ ಬಳಿಯಾದರೂ ಇರಲಿ. ಮಾಜಿ ಸೈನಿಕರ ಗುರುತಿನ ಚೀಟಿ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್, ಆಧಾರ್ ಮೂರನ್ನೂ ಒಂದೇ ಕವರಿನಲ್ಲಿಟ್ಟು ಅಂಗಿಯ ಜೇಬಿಗೆ ಹಾಕಿಕೊಳ್ಳಿ, ದಾರಿಯುದ್ದಕ್ಕೂ ತೋರಿಸುತ್ತಿರಬೇಕಾಗುತ್ತದೆ.

ಕಂತೆಯಲ್ಲಿ ಕೈಬರಹ ಬೇರೆಯಾದ ಕಾಗದ ಒಂದೋ ಎರಡೋ ಇದ್ದರೆ ಅದರ ನೆಲೆ ಇದೇ ಊರಿರಬಹುದು. ಗಾಯಗೊಂಡವರನ್ನು ತರುತ್ತಿದ್ದುದು ಬಾದಾಮಿ ಬಾಗ್ ದಂಡಿನೊಳಗಿನ 92 ಬೇಸ್ ಆಸ್ಪತ್ರೆಗೆ. ಕೈಗೆ ಪೆಟ್ಟಾದವರು ಪಕ್ಕದ ಹಾಸಿಗೆಯವರಿಂದಲೋ ಸಿಬ್ಬಂದಿಯಿಂದಲೋ ಹೇಳಿ ಬರೆಸುತ್ತಿದ್ದರು. ಕನ್ನಡ ಬಲ್ಲವರು ಸಿಗದಿದ್ದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆಸಬೇಕಾಗುತ್ತಿತ್ತು. ಊರಿನಲ್ಲಿ ಅದನ್ನು ಓದಿಸಲು ಅಪ್ಪ ಯಾರ ಮನೆಗೆ ಹೋಗಿದ್ದರು ಎಂಬುದು ಬೇರೆಯದೇ ವಿಚಾರಣೆ. ಆಸ್ಪತ್ರೆಯೊಳಗೆ ಮೊದಲೇ ಅನುಮತಿ ಪಡೆಯದೆ ಬಿಡುವುದಿಲ್ಲ.

ಸಂಜೆಗೆ ಕೋಷ್ಟಕದ ಕೆಲಸ. ಒಂದು ಕಾಗದಕ್ಕೆ ಮೂರು ತಾರೀಖುಗಳಿರುತ್ತವೆ: ಬರೆದವನು ಹಾಕಿದ್ದು, ಫೀಲ್ಡ್ ಪೋಸ್ಟ್ ಆಫೀಸ್ ಅಂದರೆ ಎಫ್‌ಪಿಒ ಮುದ್ರೆಯದ್ದು, ಊರಿನ ಅಂಚೆ ಕಚೇರಿಯ ಬಟವಾಡೆ ಮುದ್ರೆಯದ್ದು. ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿ, ನಾಲ್ಕನೆಯದನ್ನು ಖಾಲಿ ಬಿಡಿ. ಆ ದಿನ ತಾನು ಎಲ್ಲಿದ್ದೆ ಎಂಬುದು ಅಲ್ಲಿ ಬರಬೇಕು.

ಎಫ್‌ಪಿಒ ಮುದ್ರೆಯಲ್ಲಿ ಊರಿನ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆ ಜಾಗದ್ದಲ್ಲ, ಅಂಚೆ ಕಚೇರಿಯದ್ದು. ದಳ ಹೊರಟಾಗ ಕಚೇರಿಯೂ ಜೊತೆಗೆ ಹೊರಡುತ್ತದೆ. ಮೇ ತಿಂಗಳಲ್ಲಿ ಕಾಶ್ಮೀರ ಕಣಿವೆಯಲ್ಲಿ ಒತ್ತಿದ ಸಂಖ್ಯೆಯೇ ಜೂನ್‌ನಲ್ಲಿ ದ್ರಾಸ್‌ನಲ್ಲೂ ಬಿದ್ದಿರಬಹುದು. ಎರಡು ಮೂರು ಬೇರೆ ಬೇರೆ ತಾರೀಖಿನ ಕಾಗದಗಳಿಗೆ ಒಂದೇ ದಿನದ ಮುದ್ರೆ ಕಂಡರೆ ಅದು ತಪ್ಪಲ್ಲ, ಸುಳಿವು: ಬರೆದವರು ಎತ್ತರದಲ್ಲಿದ್ದರು, ಕಾಗದಗಳು ಕಂತೆಯಾಗಿ ಒಟ್ಟಿಗೆ ಕೆಳಗಿಳಿದವು.

56 ಎಪಿಒ ಎಂಬುದನ್ನು 56 ಮೌಂಟನ್ ಬ್ರಿಗೇಡ್ ಎಂದು ಓದಿಕೊಳ್ಳುವ ಮಕ್ಕಳು ಮೊಮ್ಮಕ್ಕಳಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ. 56 ಎಪಿಒ ಎಂದು ಬರೆದ ಟಪಾಲೆಲ್ಲ ದೆಹಲಿಯ ಸೆಂಟ್ರಲ್ ಬೇಸ್ ಪೋಸ್ಟ್ ಆಫೀಸಿನಲ್ಲಿ ವಿಂಗಡಣೆಯಾಗಿ ಆಯಾ ದಳಕ್ಕೆ ಹೋಗುತ್ತದೆ. ಪೂರ್ವದ ಕಡೆಗೆ 99 ಎಪಿಒ. ಬ್ರಿಗೇಡ್ ಯಾವುದೆಂದು ತಿಳಿಯಬೇಕಾದರೆ ಕಳುಹಿಸಿದವರ ವಿಳಾಸದಲ್ಲಿ ಯೂನಿಟ್ ಹೆಸರು ನೋಡಬೇಕು.

ದಿನ 2: ಸೋನಾಮಾರ್ಗ್

ಎಂಬತ್ತು ಕಿಲೋಮೀಟರ್, ಸಿಂಧ್ ನದಿಯ ಪಕ್ಕದಲ್ಲೇ. (ಇದು ಲೇಹ್ ಕಡೆಯ ಸಿಂಧೂ ಅಲ್ಲ.) ಗಗನ್‌ಗೀರ್ ದಾಟಿದ ಮೇಲೆ 2025ರ ಜನವರಿಯಲ್ಲಿ ಉದ್ಘಾಟನೆಯಾದ ಸೋನಾಮಾರ್ಗ್ ಸುರಂಗ ಬರುತ್ತದೆ, ಉದ್ದ ಆರೂವರೆ ಕಿಲೋಮೀಟರ್. 1999ರ ಲಾರಿಗಳು ಹತ್ತಿದ್ದು ಹೊರಗಿನ ಹಳೆಯ ರಸ್ತೆಯಲ್ಲಿ. ಚಾಲಕರಾಗಿದ್ದವರಿಗೆ ಸುರಂಗದೊಳಗೆ ಗುರುತು ಸಿಗುವುದು ಏನೂ ಇರುವುದಿಲ್ಲ.

ಇಲ್ಲಿ ರಾತ್ರಿ ತಂಗುವುದು ಮೈ ಒಗ್ಗಿಸಿಕೊಳ್ಳಲು. ಸುಮಾರು 2,700 ಮೀಟರ್ ಎತ್ತರ. ಸೈನ್ಯದ ಪದ್ಧತಿಯಲ್ಲಿ 9,000ದಿಂದ 12,000 ಅಡಿಗೆ ಆರು ದಿನ, 15,000 ಅಡಿವರೆಗೆ ಮತ್ತೆ ನಾಲ್ಕು ದಿನ, ಅದರ ಮೇಲಕ್ಕೆ ಇನ್ನೂ ನಾಲ್ಕು ದಿನ ಮೈ ಒಗ್ಗಿಸುತ್ತಾರೆ. 1999ರ ಆ ವಾರಗಳಲ್ಲಿ ಎಲ್ಲರಿಗೂ ಅಷ್ಟು ದಿನ ಸಿಗಲಿಲ್ಲ. ಊಟ ಸೇರುತ್ತಿಲ್ಲ, ತಲೆನೋವು, ನಿದ್ದೆ ಬರುತ್ತಿಲ್ಲ ಎಂದು ಕಾಗದದಲ್ಲಿದ್ದರೆ ಮನೆಯವರು ಅದನ್ನು ಊರಿನ ನೆನಪು ಅಂದುಕೊಂಡಿರುತ್ತಾರೆ. ಅವು ಮೂರೂ ಎತ್ತರದ ಕಾಯಿಲೆಯ ಲಕ್ಷಣಗಳು. ಕಾಗದದ ತಾರೀಖಿಗೆ ಒಂದೆರಡು ದಿನ ಮೊದಲು ದಳ ಮೇಲಕ್ಕೆ ಹತ್ತಿದೆ ಎಂದು ಅಂದಾಜು ಮಾಡಬಹುದು.

ಈಗ ಐವತ್ತು ಅರವತ್ತು ದಾಟಿದವರು ಬಿಪಿ, ಸಕ್ಕರೆ ಕಾಯಿಲೆ, ಎದೆಯ ತೊಂದರೆ ಇದ್ದರೆ ಹೊರಡುವ ಮೊದಲೇ ವೈದ್ಯರಿಗೆ ತೋರಿಸಬೇಕು. ಎತ್ತರಕ್ಕೆಂದು ಕೊಡುವ ಅಸೆಟಜೋಲಮೈಡ್ ಮಾತ್ರೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಬಾರಿ. ಸಲ್ಫಾ ಔಷಧ ಒಗ್ಗದವರು ವೈದ್ಯರಿಗೆ ಮೊದಲೇ ಹೇಳಬೇಕು. ಅಂದು ಹತ್ತಿದ ಬೆಟ್ಟ ಎಂಬ ಹುಮ್ಮಸ್ಸು ಇಲ್ಲಿ ಅತಿ ಅಪಾಯಕಾರಿ. ಹೆಂಡ, ನಿದ್ದೆಮಾತ್ರೆ ಎರಡೂ ಬೇಡ.

ಸೋನಾಮಾರ್ಗ್‌ನಲ್ಲಿ ಮಧ್ಯಾಹ್ನ ಬಿಡುವಿರುತ್ತದೆ. ತಾರೀಖು ಇಲ್ಲದ ಕಾಗದಗಳನ್ನು ಆಗ ಕೈಗೆತ್ತಿಕೊಳ್ಳಿ. ಕನ್ನಡದ ಕಾಗದಗಳಲ್ಲಿ ತಾರೀಖು ಇಲ್ಲದಿದ್ದರೂ ಕಾಲ ಇರುತ್ತದೆ. ಮಳೆ ನಕ್ಷತ್ರ ನೋಡಿ. ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮೃಗಶಿರ (ಉತ್ತರ ಕರ್ನಾಟಕದವರ ಮಿರಗ) ಜೂನ್ 8ರ ಸುಮಾರಿಗೆ, ಆರಿದ್ರ ಜೂನ್ 22, ಪುನರ್ವಸು ಜುಲೈ 6, ಪುಷ್ಯ ಜುಲೈ 20. ಮಿರಗ ಹಿಡಿಯಿತೇ, ಬಿತ್ತನೆ ಆಯಿತೇ ಎಂದು ಕೇಳಿದ್ದರೆ ಜೂನ್ ಮೊದಲರ್ಧದ ಕಾಗದ. ಕ್ರಿಕೆಟ್ ಮಾತು ಇನ್ನೂ ಖಚಿತ: ಇಂಗ್ಲೆಂಡಿನ ವಿಶ್ವಕಪ್ ಮೇ 14ರಿಂದ ಜೂನ್ 20ರವರೆಗೆ ನಡೆಯಿತು, ಮ್ಯಾಂಚೆಸ್ಟರ್‌ನಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ್ದು ಜೂನ್ 8ರಂದು. ನಮ್ಮ ವೆಂಕಟೇಶ್ ಪ್ರಸಾದ್ ಅಂದು 27 ರನ್ ಕೊಟ್ಟು ಐದು ವಿಕೆಟ್ ತೆಗೆದಿದ್ದರು. ಟ್ರಾನ್ಸಿಸ್ಟರ್‌ನಲ್ಲಿ ಕೇಳಿದ ಆ ಸುದ್ದಿ ಕಾಗದದಲ್ಲಿ ಇಣುಕಿದ್ದರೆ ಜೂನ್ 8ರ ನಂತರದ ನಾಲ್ಕಾರು ದಿನ ಎಂದು ಬರೆದುಕೊಳ್ಳಿ.

ಹಬ್ಬಗಳಲ್ಲಿ ಮಾತ್ರ ಎಡವುವ ಸಾಧ್ಯತೆ ಇದೆ. 1999ರಲ್ಲಿ ಜ್ಯೇಷ್ಠ ಅಧಿಕ ಮಾಸ ಬಂದಿತ್ತು. ಮೇ 30ರ ಹುಣ್ಣಿಮೆ ಅಧಿಕದ್ದು, ಎತ್ತು ಓಡಿಸುವ ಕಾರಹುಣ್ಣಿಮೆ ಜೂನ್ 28ಕ್ಕೆ. ಕಾರಹುಣ್ಣಿಮೆ ಹೇಗಾಯಿತು ಎಂದು ಮಗ ಕೇಳಿದ ಕಾಗದವನ್ನು ಮೇ ಕೊನೆಗೆ ಹಾಕಿದರೆ ಒಂದು ತಿಂಗಳು ಆಚೀಚೆಯಾಗಿ, ನಾಲ್ಕನೆಯ ಕಾಲಂ ಪೂರ್ತಿ ತಪ್ಪುತ್ತದೆ.

ದಿನ 3: ಜೋಜಿ ಲಾ ದಾಟಿ ಕಾರ್ಗಿಲ್‌ಗೆ

ನಸುಕಿನಲ್ಲೇ ಹೊರಡಿ. ಕಣಿವೆ ದಾರಿಯಲ್ಲಿ ವಾಹನಗಳನ್ನು ಸಮಯ ಕಟ್ಟಿ ಬಿಡುತ್ತಾರೆ. ಯಾವ ಕಡೆಯಿಂದ ಎಷ್ಟು ಗಂಟೆಗೆ ಎಂದು ಹಿಂದಿನ ರಾತ್ರಿಯೇ ಸೋನಾಮಾರ್ಗ್ ಚೆಕ್‌ಪೋಸ್ಟಿನಲ್ಲಿ ಕೇಳಿಟ್ಟುಕೊಳ್ಳಬೇಕು. ಹಿಮ ಕರಗಿ ರಸ್ತೆಗೆ ನೀರು ಹರಿಯುವುದು, ಕಲ್ಲು ಉರುಳುವುದು ಬಿಸಿಲೇರಿದ ಮೇಲೆ ಹೆಚ್ಚು.

ಕಣಿವೆಯ ಎತ್ತರ 3,528 ಮೀಟರ್. 1948ರ ನವೆಂಬರ್ 1ರಂದು ಇಲ್ಲಿಗೆ ಸ್ಟುವರ್ಟ್ ಟ್ಯಾಂಕ್ ಹತ್ತಿಸಿ ದಾರಿ ಬಿಡಿಸಿದವರು ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ನಿಲ್ಲುವುದು ಐದೇ ನಿಮಿಷ ಸಾಕು, ಇಲ್ಲಿ ಓದಲು ಕೂರಬೇಡಿ. ಗುಮ್ರಿ, ಮೀನಾಮಾರ್ಗ್, ಮಟಾಯನ್, ಪಾಂದ್ರಾಸ್ ಕಳೆದು ದ್ರಾಸ್.

ಈ ರಸ್ತೆಯೇ ಯುದ್ಧದ ಕಾರಣವನ್ನು ಹೇಳುತ್ತದೆ. ಆಗ ಎನ್‌ಎಚ್ 1ಎ ಎನ್ನುತ್ತಿದ್ದರು, ಈಗ ಎನ್‌ಎಚ್ 1. ಒಳನುಸುಳಿ ಟೊಲೊಲಿಂಗ್ ಬೆಟ್ಟದ ಮೇಲೆ ಕೂತವನಿಗೆ ದ್ರಾಸ್ ಬಳಿಯ ರಸ್ತೆ ಬರಿಗಣ್ಣಿಗೆ ಕಾಣುತ್ತದೆ, ಅಲ್ಲಿಂದ ಅವನು ಫಿರಂಗಿಗೆ ಗುರಿ ಹೇಳಬಲ್ಲ. ಅದಕ್ಕೇ ಲಾರಿಗಳು ರಾತ್ರಿ ಹೊತ್ತು ಹೆಡ್‌ಲೈಟ್ ಆರಿಸಿ ಸಾಗುತ್ತಿದ್ದವು. ರಾತ್ರಿ ಎಲ್ಲ ಕೆಲಸ, ಹಗಲು ಮಲಗುತ್ತೇವೆ ಎಂಬ ಸಾಲು ಸರಬರಾಜು ದಳದವರ, ಫಿರಂಗಿಯವರ ಕಾಗದದಲ್ಲಿದ್ದರೆ ಅದರ ಅರ್ಥ ಇಲ್ಲಿ ತಿಳಿಯುತ್ತದೆ. ವಾಹನ ನಿಲ್ಲಿಸಿ ತಲೆ ಎತ್ತಿ ನೋಡಿದರೆ ಸಾಕು.

ಆದರೂ ಇಂದು ದ್ರಾಸ್‌ನಲ್ಲಿ ತಂಗುವುದು ಬೇಡ. ಅದು ಸುಮಾರು 3,280 ಮೀಟರ್, ಕಾರ್ಗಿಲ್ ಪೇಟೆ 2,676. ಇನ್ನೂ ಅರವತ್ತು ಕಿಲೋಮೀಟರ್ ಮುಂದೆ ಹೋಗಿ ತಗ್ಗಿನಲ್ಲಿ ಮಲಗಿ, ಮರುದಿನ ವಾಪಸ್ ಬರುವುದು ಮೈಗೂ ಮನಸ್ಸಿಗೂ ಒಳ್ಳೆಯದು. ಬಂದ ದಿನವೇ ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕದ ಮುಂದೆ ಕಾಗದ ತೆರೆದವರಿಗೆ ಅಂದು ರಾತ್ರಿ ನಿದ್ದೆಯಿಲ್ಲ. ಎತ್ತರದಲ್ಲಿ ಉಸಿರು ತಪ್ಪಿ ತಪ್ಪಿ ಎಚ್ಚರವಾಗುತ್ತದೆ, ಅದರ ಮೇಲೆ ಹಳೆಯದೆಲ್ಲ ಬಂದು ಕೂರುತ್ತದೆ. ಕಷ್ಟದ ಕಾಗದಗಳನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಬೇಕು, ಸಂಜೆ ಐದರ ನಂತರ ಕಂತೆ ಮುಚ್ಚಿಡಬೇಕು.

ದಿನ 4: ದ್ರಾಸ್

ಸ್ಮಾರಕ ಇರುವುದು ದ್ರಾಸ್ ಪೇಟೆಯಿಂದ ಕಾರ್ಗಿಲ್ ಕಡೆಗೆ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಟೊಲೊಲಿಂಗ್ ಬುಡದಲ್ಲೇ. ಕಾರ್ಗಿಲ್‌ನಿಂದ ಆರು ಗಂಟೆಗೆ ಹೊರಟರೆ ಜನ ಸೇರುವ ಮುಂಚೆ ತಲುಪಬಹುದು. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ, ಮಾಜಿ ಸೈನಿಕರು ಎಂದು ಹೇಳಿ. ಅಲ್ಲಿರುವ ಜವಾನರು ನಿಂತು ಶಿಖರಗಳನ್ನು ತೋರಿಸಿ ವಿವರಿಸುತ್ತಾರೆ. ಯುದ್ಧದಲ್ಲಿ ಮಡಿದ 527 ಮಂದಿಯಲ್ಲಿ ತನ್ನ ಕಂಪನಿಯವರ ಹೆಸರುಗಳನ್ನು ಗೋಡೆಯ ಮೇಲೆ ಹುಡುಕುವುದಕ್ಕೇ ಒಂದು ಗಂಟೆ ಬೇಕು. ಅಲ್ಲಿ ಕಾಗದ ತೆಗೆಯಬೇಡಿ. ಮೊದಲು ಹೆಸರುಗಳು, ಆಮೇಲೆ ಕಾಗದ.

ಟೊಲೊಲಿಂಗ್ ಎದುರು ಮುಖಮಾಡಿ ನಿಂತರೆ ಎಡಕ್ಕೆ ದೂರದಲ್ಲಿ ಚೂಪಾಗಿ ಕಾಣುವುದು ಟೈಗರ್ ಹಿಲ್. ಭೂಪಟದಲ್ಲಿ ಪಾಯಿಂಟ್ ಎಂದು ಬರೆದ ಸಂಖ್ಯೆ ಆ ಶಿಖರದ ಮೀಟರ್ ಎತ್ತರ. ಟೊಲೊಲಿಂಗ್ ಸಾಲಿನ ಪಾಯಿಂಟ್ 4590 ರಸ್ತೆಗಿಂತ ಸುಮಾರು 1,300 ಮೀಟರ್ ಮೇಲೆ. ಟೈಗರ್ ಹಿಲ್ 5062, ಅಂದರೆ ಸುಮಾರು 1,800 ಮೀಟರ್ ಮೇಲೆ. ಬೆನ್ನಿಗೆ ಹೊರೆ, ಮರೆಗೆ ಒಂದು ಮರವಿಲ್ಲ.

ಈಗ ಕೋಷ್ಟಕ ಹಿಡಿದು ಈ ತಾರೀಖುಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ವಾಯುಪಡೆ ದಾಳಿ ಶುರು ಮಾಡಿದ್ದು ಮೇ 26. ಟೊಲೊಲಿಂಗ್ ಮೇಲೆ 18 ಗ್ರೆನೇಡಿಯರ್ಸ್ ಮೇ ಕೊನೆಯಿಂದ ಹೋರಾಡಿ ಮೇಜರ್ ರಾಜೇಶ್ ಅಧಿಕಾರಿ, ಲೆಫ್ಟಿನೆಂಟ್ ಕರ್ನಲ್ ವಿಶ್ವನಾಥನ್ ಅವರನ್ನು ಕಳೆದುಕೊಂಡಿತು. 2 ರಾಜಪುತಾನಾ ರೈಫಲ್ಸ್ ಅದನ್ನು ಹಿಡಿದದ್ದು ಜೂನ್ 13ರ ಬೆಳಗಿನ ಹೊತ್ತಿಗೆ. ಪಾಯಿಂಟ್ 5140 ಜೂನ್ 20ಕ್ಕೆ (2022ರಿಂದ ಅದರ ಹೆಸರು ಗನ್ ಹಿಲ್), ಟೈಗರ್ ಹಿಲ್ ಜುಲೈ 4ಕ್ಕೆ, ಮುಷ್ಕೋಹ್ ಕಡೆಯ ಪಾಯಿಂಟ್ 4875 ಜುಲೈ ಮೊದಲ ವಾರದಲ್ಲಿ. ಯಾರು ಯಾವ ಕಡೆ ಎಂಬುದಕ್ಕೆ ಬ್ರಿಗೇಡ್ ನೋಡಬೇಕು. ದ್ರಾಸ್, ಮುಷ್ಕೋಹ್ 8 ಮೌಂಟನ್ ಡಿವಿಷನ್‌ನ ಕೈಯಲ್ಲಿತ್ತು: 56, 192, 79 ಮೌಂಟನ್ ಬ್ರಿಗೇಡ್‌ಗಳು. ಕಾರ್ಗಿಲ್‌ಗೆ 121, ಬಟಾಲಿಕ್‌ಗೆ 70 ಇನ್‌ಫೆಂಟ್ರಿ ಬ್ರಿಗೇಡ್.

ಹೀಗೆ ಹೊಂದಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಕಾಗದಗಳಿಲ್ಲದ ದಿನಗಳು. ವಾರಕ್ಕೊಂದು ಬರೆಯುತ್ತಿದ್ದವನು ಹದಿನೈದು ದಿನ ಬರೆದಿಲ್ಲ. ಕೊಕ್ಕೆಯ ಸಂಖ್ಯೆಗಳಲ್ಲಿ ನಡುವೆ ಏನೂ ಕಳೆದಿಲ್ಲ ಎಂದು ಖಚಿತವಾದರೆ, ದಾಳಿ ನಡೆದದ್ದು ಅಲ್ಲೇ. ಅದರ ಮುಂದಿನ ಕಾಗದ ಬಹಳ ಸಲ ಚಿಕ್ಕದು, ಅಕ್ಷರ ದೊಡ್ಡದು, ಚಳಿಗೆ ಬಾಲ್‌ಪೆನ್ ಶಾಯಿ ಗಟ್ಟಿಯಾಗಿ ನಡುನಡುವೆ ಬರಿ ಗೀರು. ಗೀರುಗಳಿದ್ದರೆ ಅಡ್ಡ ಬೆಳಕು ಹಾಕಿ ಫೋಟೊ ತೆಗೆಯಿರಿ, ಶಾಯಿ ಬೀಳದಿದ್ದರೂ ಒತ್ತಿದ ಗುರುತು ಓದಲು ಬರುತ್ತದೆ. ಈ ಕೆಲಸ ಮಾತ್ರ ಮನೆಯಲ್ಲಿ ಅಸಲಿನ ಮೇಲೆ ಆಗಬೇಕು.

ಬೆಳದಿಂಗಳ ಮಾತು ಬಂದ ಕಾಗದವಿದ್ದರೆ ಅದನ್ನು ಇಲ್ಲಿಯೇ ಓದಿ. ಜೂನ್ 28ರ ಹುಣ್ಣಿಮೆ ರಾತ್ರಿ 2 ರಾಜಪುತಾನಾ ರೈಫಲ್ಸ್ ತ್ರೀ ಪಿಂಪಲ್ಸ್, ನೋಲ್ ಎಂಬ ದಿಬ್ಬಗಳ ಮೇಲೆ ಏರಿಹೋಯಿತು. ಬೆಳದಿಂಗಳು ಹತ್ತುವವರನ್ನು ಮೇಲಿನವರಿಗೆ ತೋರಿಸಿಕೊಡುತ್ತದೆ. ನಮ್ಮ ಊರುಗಳಲ್ಲಿ ಕಾರಹುಣ್ಣಿಮೆ ಮುಗಿದ ಅದೇ ರಾತ್ರಿ. ಆ ದಾಳಿಯಲ್ಲಿ ತೀರಿಕೊಂಡ ಕ್ಯಾಪ್ಟನ್ ವಿಜಯಂತ್ ಥಾಪರ್ ಮನೆಗೆ ಬರೆದಿಟ್ಟಿದ್ದ ಕಾಗದದಲ್ಲಿ, ಸಾಧ್ಯವಾದರೆ ಬಂದು ಈ ಜಾಗ ನೋಡಿ ಎಂದು ಕೇಳಿದ್ದರು. ನಿವೃತ್ತ ಕರ್ನಲ್ ಆಗಿದ್ದ ತಂದೆ ಬಂದು ನೋಡಿದರು. ಬದುಕುಳಿದವರ ಕಾಗದಗಳಲ್ಲಿ ಇಂಥ ಸಾಲು ಅಪರೂಪ, ಅವರು ಅಪ್ಪ ಅಮ್ಮನನ್ನು ಈ ಕಡೆ ನೋಡದಂತೆ ತಿರುಗಿಸಲು ಬರೆಯುತ್ತಿದ್ದರು.

ಓದುವಾಗ ಧ್ವನಿ ಮುದ್ರಿಸಿಕೊಳ್ಳಿ. ಜೊತೆಯವರು ಕಾಗದ ಓದಲಿ, ಬರೆದವರು ಮಾತಾಡಲಿ. ತಾನೇ ಓದಲು ಹೊರಟರೆ ಓದಿನಲ್ಲೇ ಸಿಕ್ಕಿಕೊಂಡು ನೆನಪು ಬರುವುದಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಫೋನಿನ ಮೈಕಿನಲ್ಲಿ ಬರಿ ಬುಸುಗುಟ್ಟುವ ಸದ್ದು ಸಿಗುತ್ತದೆ. ಸ್ಪಂಜಿನ ಟೋಪಿ ಇರುವ ಕಾಲರ್ ಮೈಕ್ ಇರಲಿ, ಇಲ್ಲವೇ ಕಾರಿನೊಳಗೆ ಗಾಜು ಏರಿಸಿ ಕೂರಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ನೆನಪಿಗೂ ಮುದ್ರೆಗೂ ಜಗಳ ಬಂದರೆ (ಬಂದೇ ಬರುತ್ತದೆ) ತಾರೀಖಿನ ವಿಷಯದಲ್ಲಿ ಮುದ್ರೆಯನ್ನು ನಂಬಿ, ಉಳಿದದ್ದರಲ್ಲಿ ನೆನಪನ್ನು ತಿದ್ದದೆ ಹಾಗೇ ಬರೆದುಕೊಳ್ಳಿ.

ಶಿಖರಗಳನ್ನು ಹತ್ತುವ ಯೋಚನೆ ಬೇಡ, ಕೆಳಗಿಂದಲೇ ಸಾಕಷ್ಟು ಕಾಣುತ್ತದೆ. ಮುಷ್ಕೋಹ್ ಕಣಿವೆಗೆ ದ್ರಾಸ್‌ನಿಂದ ಪಶ್ಚಿಮಕ್ಕೆ ಕವಲು ರಸ್ತೆ ಇದೆ, ಎಲ್ಲಿಯವರೆಗೆ ಬಿಡುತ್ತಾರೆ ಎಂಬುದು ಆ ದಿನದ ಚೆಕ್‌ಪೋಸ್ಟಿನ ಮಾತು. ಹಳೆಯ ರಣಭೂಮಿಗಳಿಗೆ ಹೋಗುವ ವಿವರಗಳನ್ನು 2025ರಿಂದ ಸೈನ್ಯವೇ ಭಾರತ್ ರಣಭೂಮಿ ದರ್ಶನ್ ಜಾಲತಾಣದಲ್ಲಿ ಕೊಡುತ್ತಿದೆ. ಡ್ರೋನ್, ಸ್ಯಾಟಲೈಟ್ ಫೋನ್ ತರುವಂತಿಲ್ಲ. ಸೇತುವೆ, ಲಾರಿ ಸಾಲು, ಈಗಿನ ಠಾಣೆಗಳ ಫೋಟೊ ತೆಗೆಯಬೇಡಿ. ಇದನ್ನು ಯೋಧರಿಗೆ ಹೇಳಬೇಕಿಲ್ಲ, ಜೊತೆಗೆ ಬಂದ ಮೊಮ್ಮಕ್ಕಳಿಗೆ ಹೇಳಬೇಕು.

ದಿನ 5: ಕಾರ್ಗಿಲ್, ಹುಂದರ್ಮನ್

ಬೆಳಿಗ್ಗೆ ವಿಶ್ರಾಂತಿ. ಕಾರ್ಗಿಲ್‌ನಲ್ಲಿ ಸುತ್ತಾಡುವುದು ಕಡಿಮೆ, ಸುರು ನದಿಯ ಪಕ್ಕದ ಪೇಟೆ ಅಷ್ಟೇ.

ಮಧ್ಯಾಹ್ನ ಹುಂದರ್ಮನ್‌ಗೆ ಹೋಗಿ, ಊರಿಗೆ ಹತ್ತಿರ, ಗಡಿ ನಿಯಂತ್ರಣ ರೇಖೆಯ ಪಕ್ಕ. 1971ರ ಯುದ್ಧದವರೆಗೆ ಪಾಕಿಸ್ತಾನದ ಕೈಯಲ್ಲಿದ್ದ ಹಳ್ಳಿ, ಆಮೇಲೆ ಭಾರತದ್ದು. ಸಂಬಂಧಿಕರು ಎರಡು ದೇಶಕ್ಕೆ ಹಂಚಿಹೋದರು. ಕಲ್ಲಿನ ಹಳೆಯ ಮನೆಗಳಲ್ಲಿ ಒಂದನ್ನು ಸಣ್ಣ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬಿಟ್ಟುಹೋದ ಪಾತ್ರೆ ಪಡಗಗಳ ಜೊತೆ ಆಚೆಯಿಂದ ಬಂದ ಕಾಗದಗಳೂ ಇವೆ. ಸೈನಿಕರ ಕಾಗದ ನೋಡಿ ನೋಡಿ ಬಂದವರಿಗೆ ಇದು ಇನ್ನೊಂದು ದಿಕ್ಕಿನ ಟಪಾಲು.

ಇಲ್ಲಿ ಕೂತು ಒಂದು ಲೆಕ್ಕ ಮಾಡಬೇಕು. ಕಂತೆಯಲ್ಲಿರುವುದು ಮಗ ಬರೆದದ್ದು ಮಾತ್ರ. ಅಪ್ಪ ಅಮ್ಮ ಬರೆದದ್ದು ಎಲ್ಲಿ? ಬಂಕರಿನಲ್ಲಿ ನೆನೆದು ಹೋಯಿತು, ದಾಳಿಗೆ ಹೋಗುವ ಮೊದಲು ಹಿಂದೆ ಬಿಟ್ಟ ಕಿಟ್‌ಬ್ಯಾಗಿನಲ್ಲಿ ಉಳಿಯಿತು, ವರ್ಗಾವಣೆಯಲ್ಲಿ ಕಳೆಯಿತು. ಆ ಅರ್ಧವನ್ನು ಮಗನ ಉತ್ತರಗಳಿಂದಲೇ ಕಟ್ಟಿಕೊಳ್ಳಬಹುದು. ನೀವು ಬರೆದ ಪತ್ರ ತಲುಪಿ ವಿಷಯ ತಿಳಿಯಿತು ಎಂಬ ಸಾಲಿನ ನಂತರ ಬರುವ ಪ್ರತಿ ಉತ್ತರಕ್ಕೂ ಒಂದು ಪ್ರಶ್ನೆ ಬರೆಯುತ್ತಾ ಹೋಗಿ. ಹಸು ಮಾರಬೇಡಿ ಎಂದಿದ್ದರೆ ಅಪ್ಪ ಹಸು ಮಾರುವ ಮಾತು ಬರೆದಿದ್ದರು. ತಂಗಿಯ ಮದುವೆ ನಾನು ಬರುವವರೆಗೆ ನಿಲ್ಲಿಸಬೇಡಿ ಎಂದಿದ್ದರೆ ಅವರು ನಿಲ್ಲಿಸಿದ್ದರು.

ಮನಿಯಾರ್ಡರ್ ಕೂಪನ್ನುಗಳನ್ನು ಮರೆಯಬೇಡಿ. ಫಾರಂ ತಳದ ಆ ಚೀಟಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು, ಹಣ ಪಡೆದವರು ಹರಿದು ಇಟ್ಟುಕೊಳ್ಳುತ್ತಿದ್ದರು. ಕಾಗದಗಳ ಜೊತೆ ಅಲ್ಲ, ಪಾಸ್‌ಬುಕ್, ಪಡಿತರ ಚೀಟಿಗಳ ನಡುವೆ ಸಿಗುತ್ತವೆ. ಮೊತ್ತ, ತಾರೀಖು, ಕಳುಹಿಸಿದ ಕಚೇರಿ ಮೂರೂ ಒಂದೇ ಚೀಟಿಯಲ್ಲಿ ಇರುವುದರಿಂದ ಕೋಷ್ಟಕಕ್ಕೆ ಇಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ದಿನ 6: ಬಟಾಲಿಕ್

ದಳ ಆ ಕಡೆ ಇದ್ದವರಿಗೆ ಮಾತ್ರ. ಉಳಿದವರು ಈ ದಿನವನ್ನು ಮತ್ತೆ ದ್ರಾಸ್‌ಗೆ ಕೊಡುವುದು ವಾಸಿ, ಎರಡನೆಯ ಸಲ ನೋಡಿದಾಗ ಬೆಟ್ಟಗಳ ಗುರುತು ನೆಟ್ಟಗೆ ಹತ್ತುತ್ತದೆ.

ಕಾರ್ಗಿಲ್‌ನಿಂದ ಹಂಬೋಟಿಂಗ್ ಲಾ ಹತ್ತಿ ಇಳಿಯಬೇಕು, ಅದು 4,000 ಮೀಟರಿಗೂ ಮೇಲೆ. ಅನುಮತಿ ನಿಯಮಗಳು ಬದಲಾಗುತ್ತಿರುತ್ತವೆ, ಹಿಂದಿನ ದಿನ ಕಾರ್ಗಿಲ್ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಒಳನುಸುಳುವಿಕೆಯ ಮೊದಲ ಸುದ್ದಿಯನ್ನು ಮೇ 3ರಂದು ಕೊಟ್ಟವರು ಈ ಭಾಗದ ಕುರಿಗಾಹಿಗಳು. 1/11 ಗೋರ್ಖಾ ರೈಫಲ್ಸ್ ಕಾದಿದ ಖಾಲುಬಾರ್, 1 ಬಿಹಾರ್ ಕಾದಿದ ಜುಬಾರ್ ಬೆಟ್ಟಗಳು ಇಲ್ಲೇ. ಇಲ್ಲಿಂದ ಹೋದ ಕಾಗದಗಳಲ್ಲಿ ನದಿಯ ಸದ್ದಿನ ಮಾತು ಬಂದಿದ್ದರೆ ಆ ನದಿ ಸಿಂಧೂ.

ದಿನ 7: ಲೇಹ್

ಕಾರ್ಗಿಲ್‌ನಿಂದ ಸುಮಾರು 215 ಕಿಲೋಮೀಟರ್. ನಾಮಿಕಾ ಲಾ 3,700, ಫೋಟು ಲಾ 4,108 ಮೀಟರ್. ಲೇಹ್ ಊರು 3,500. ತಲೆನೋವು ಇಳಿಯದೆ, ನಡಿಗೆ ತೂರಾಡತೊಡಗಿದರೆ ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ತಡಮಾಡದೆ ಕೆಳಗಿಳಿಯಬೇಕು, ಇಲ್ಲವೇ ಆಸ್ಪತ್ರೆಗೆ. ಲೇಹ್‌ನಲ್ಲಿ ಸರ್ಕಾರಿ ಎಸ್‌ಎನ್‌ಎಂ ಆಸ್ಪತ್ರೆಯೂ ಸೈನ್ಯದ 153 ಜನರಲ್ ಆಸ್ಪತ್ರೆಯೂ ಇವೆ.

ವಿಮಾನ ನಿಲ್ದಾಣದ ಹತ್ತಿರದ ಸೈನ್ಯದ ವಸ್ತುಸಂಗ್ರಹಾಲಯ ಹಾಲ್ ಆಫ್ ಫೇಮ್ ನೋಡಲು ಎರಡು ಗಂಟೆ ಇಟ್ಟುಕೊಳ್ಳಿ. ಸಿಯಾಚಿನ್, ಕಾರ್ಗಿಲ್ ವಿಭಾಗಗಳಲ್ಲಿ ಆಗಿನ ಬೂಟು, ಕೋಟುಗಳಿವೆ. ಬೂಟು ಒದ್ದೆಯಾಗಿದೆ, ಉಣ್ಣೆ ಸಾಕ್ಸ್ ಕಳಿಸಿ ಎಂಬ ಸಾಲನ್ನು ಅವುಗಳ ಮುಂದೆ ನಿಂತು ಓದಬಹುದು.

ಸಂಜೆ ಕೋಷ್ಟಕವನ್ನು ಶುದ್ಧಪ್ರತಿ ಮಾಡಿ. ನಾಲ್ಕನೆಯ ಕಾಲಂನಲ್ಲಿ ಖಚಿತವಾದ ಜಾಗವನ್ನು ಪೆನ್ನಿನಲ್ಲಿ, ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಈ ವ್ಯತ್ಯಾಸ ಇಲ್ಲದೆ ಕೊಟ್ಟ ಕಂತೆಯಿಂದ ರೆಜಿಮೆಂಟಿನ ವಸ್ತುಸಂಗ್ರಹಾಲಯಕ್ಕೂ ಮುಂದಿನ ಪೀಳಿಗೆಗೂ ಉಪಯೋಗ ಕಡಿಮೆ. ಕೊಡುವ ಯೋಚನೆಯಿದ್ದರೆ ಆಯಾ ರೆಜಿಮೆಂಟಲ್ ಸೆಂಟರ್‌ಗೇ ಬರೆಯಬೇಕು: ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್, ಎಎಸ್‌ಸಿ (ಸರಬರಾಜು ದಳ), ಪ್ಯಾರಾಶೂಟ್ ರೆಜಿಮೆಂಟಿನವರಿಗೆ ಬೆಂಗಳೂರು. ಮೊದಲು ಸ್ಕ್ಯಾನ್ ಮತ್ತು ಕೋಷ್ಟಕ ಕಳಿಸಿ, ಅಸಲನ್ನು ಹೇಗೆ ಇಡುತ್ತಾರೆ ಎಂದು ಕೇಳಿ, ರಸೀದಿ ಪಡೆದು ಕೊಡಿ. ಬೇರೆಯವರ ಹೆಸರು, ಮನೆಯ ಸಾಲದ ವಿಷಯ ಇರುವ ಕಾಗದಗಳನ್ನು ಕೊಡುವ ಮೊದಲು ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಒಂದು ಮಾತು ಕೇಳಬೇಕು, ಕಾಗದ ಬರೆದವನದ್ದಾದರೂ ಬಂದದ್ದು ಮನೆಗೆ.

ಲೇಹ್‌ನಿಂದ ವಿಮಾನಗಳು ಹೊರಡುವುದು ಹೆಚ್ಚಾಗಿ ಬೆಳಗಿನ ಹೊತ್ತು, ಮಧ್ಯಾಹ್ನದ ಗಾಳಿಗೆ ತೊಂದರೆ. ನಸುಕಿನಲ್ಲೇ ಎದ್ದು ತಪಾಸಣೆಯ ಸಾಲಿಗೆ ನಿಲ್ಲಬೇಕಾಗುತ್ತದೆ. ಧ್ವನಿಮುದ್ರಣದ ಎರಡನೇ ಪ್ರತಿಯನ್ನು ರಾತ್ರಿಯೇ ಮಾಡಿ, ಒಂದನ್ನು ಫೋನಿನಲ್ಲಿ, ಇನ್ನೊಂದನ್ನು ಜೊತೆಯವರ ಬ್ಯಾಗಿನ ಪೆನ್‌ಡ್ರೈವ್‌ನಲ್ಲಿ ಇಡಿ. ಪ್ರತಿ ಕಡತದ ಹೆಸರು ಕೊಕ್ಕೆಯ ಕ್ರಮಸಂಖ್ಯೆಯಿಂದಲೇ ಶುರುವಾಗಲಿ.